ಪಟ್ಟಿಯಲ್ಲಿಲ್ಲದ ಕ್ಯಾಮೆರಾ

ಬೇರೆ ಯಾರಾದರೂ ಮಾಡಿದ ತಪ್ಪಾಗಿದ್ದರೆ ಬಾಯಿತುಂಬ ಬೈದು ಹಗುರಾಗಬಹುದಿತ್ತು. ನನ್ನನ್ನೇ ಎಷ್ಟು ಅಂತ ಬೈದುಕೊಳ್ಳಲಿ?

ಅಣ್ಣನ ಮೈಯಲ್ಲಿ ಈಗ ಅಲ್ಲಾಡುವುದು ಕಣ್ಣು ಮಾತ್ರ. ಉಳಿದದ್ದನ್ನೆಲ್ಲ ಕಾಯಿಲೆ ಮೂರು ವರ್ಷದಲ್ಲಿ ಒಂದೊಂದಾಗಿ ಕಿತ್ತುಕೊಂಡಿತು. ಮಂಚಕ್ಕೆ ಬಿಗಿದ ಯಂತ್ರವೇ ಅವನ ಬಾಯಿ. ಅವನ ಕಣ್ಣು ಯಾವ ಅಕ್ಷರದ ಮೇಲೆ ನಿಂತಿತು ಅಂತ ಪರದೆಯ ಕೆಳಗಿನ ಕ್ಯಾಮೆರಾ ನೋಡುತ್ತೆ, ಯಂತ್ರ ಅದನ್ನು ಗಟ್ಟಿಯಾಗಿ ಓದುತ್ತೆ. ಓದುವ ದನಿಯೋ, ವಾರ್ತೆ ಓದುವವರದ್ದು. ಆ ಗಂಭೀರ ದನಿಯಲ್ಲೇ "ಏನೇ ದಪ್ಪಿ, ಊಟದ ಹೊತ್ತಿಗೇ ಸರಿಯಾಗಿ ಬಂದ್ಯಲ್ಲ" ಅಂತ ನನ್ನ ಕಾಲೆಳೆಯುತ್ತಿದ್ದ.

ಆ ಯಂತ್ರ ಮಾಡುತ್ತಿದ್ದ ಕಂಪನಿಯಲ್ಲೇ ನಾನು ಎಂಟು ವರ್ಷ ದುಡಿದದ್ದು. ನನ್ನ ಪಾಲಿನ ಕೆಲಸ ಫರ್ಮ್‌ವೇರ್. ಸ್ವಿಚ್ ಒತ್ತಿದ ಕೂಡಲೇ ಎಲ್ಲಕ್ಕಿಂತ ಮೊದಲು ಏಳುವ ಪುಟ್ಟ ಪ್ರೋಗ್ರಾಂ ಅದು. ಆಮೇಲೆ ಆಪರೇಟಿಂಗ್ ಸಿಸ್ಟಂ ಎಬ್ಬಿಸಿ ಅದರ ಕೈಗೊಂದು ಪಟ್ಟಿ ಕೊಡುತ್ತೆ: ಮೆಮೊರಿ ಇಷ್ಟಿದೆ, ಪರದೆ ಇಂಥದ್ದು, ಕ್ಯಾಮೆರಾ ಈ ತಂತಿಯ ತುದಿಯಲ್ಲಿದೆ. ನಮ್ಮ ಸಿಸ್ಟಂ ತಾನಾಗಿ ಹುಡುಕುವ ಗೋಜಿಗೆ ಹೋಗುವುದಿಲ್ಲ. ಪಟ್ಟಿಯಲ್ಲಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಆಸ್ಪತ್ರೆಯವರು ಅಣ್ಣನಿಗೆ ಕೊಟ್ಟದ್ದು ಹಳೇ ಮಾದರಿ. ಬ್ಯಾಟರಿ ಎಷ್ಟು ಉಳಿದಿದೆ ಅಂತ ಅದಕ್ಕೆ ತಿಳಿಯದೆ ಮಾತಿನ ನಡುವೆಯೇ ಆರಿಹೋಗುತ್ತಿತ್ತು. ಕಂಪನಿ ಬಾಗಿಲು ಹಾಕುವ ಮುಂಚೆ ಬಂದ ಕೊನೆಯ ಫರ್ಮ್‌ವೇರ್‌ನಲ್ಲಿ ನಾವು ಅದನ್ನು ಸರಿಮಾಡಿದ್ದೆವು. ನನ್ನ ಹಳೇ ಡಿಸ್ಕಿನಲ್ಲಿ ಸಿಕ್ಕಿತು. ಸೋಮವಾರ ಬೆಳಿಗ್ಗೆ ಹಾಕಲು ಕೂತೆ.

"ಹುಷಾರು ಕಣೇ" ಅಂದ ಅಣ್ಣ.

"ನಂಗೇ ಹೇಳ್ತೀಯಾ? ನಾನೇ ಬರ್ದಿದ್ದು ಕಣೋ ಅದು!"

ಜಂಭ ನೋಡಿ ನನ್ನದು. ಯಂತ್ರ ಎದ್ದಿತು, ಬ್ಯಾಟರಿ ಸರಿಯಾಗಿ ತೋರಿಸಿತು, ಆಮೇಲೆ ಪರದೆಯ ಮೇಲೆ ಒಂದು ಸಾಲು ಬಂತು: ಕ್ಯಾಮೆರಾ ಇಲ್ಲ. ಅಯ್ಯೋ, ಅಲ್ಲೇ ಇದೆಯಲ್ಲ, ನನ್ನ ಮೂಗಿನ ಮುಂದೆ!

ಕೋಡ್ ತೆರೆದೆ. ಹಳೇ ಕ್ಯಾಮೆರಾದ ನಾಲ್ಕು ಸಾಲುಗಳನ್ನು ಯಾರೋ ಪಟ್ಟಿಯಿಂದ ತೆಗೆದುಹಾಕಿದ್ದರು. ಪಕ್ಕದಲ್ಲಿ ಟಿಪ್ಪಣಿ: "ಇದನ್ನು ಈಗ ಯಾರೂ ಬಳಸುವುದಿಲ್ಲ." ಕೆಳಗೆ ನನ್ನ ಹೆಸರು. ಪಟ್ಟಿ ಚೊಕ್ಕಟವಾಗಿರಲಿ ಅಂತ ಮಾಡಿದ್ದೆ. ಅಣ್ಣ ಆಗ ಸೈಕಲ್ ಹೊಡೆದುಕೊಂಡು ಓಡಾಡುತ್ತಿದ್ದ.

ಮತ್ತೆ ಸೇರಿಸುವುದು ಐದು ನಿಮಿಷದ ಕೆಲಸ. ಆದರೆ ಕಂಪನಿಯ ಡಿಜಿಟಲ್ ಮೊಹರಿಲ್ಲದ್ದನ್ನು ಆ ಚಿಪ್ ಒಳಗೇ ಬಿಟ್ಟುಕೊಳ್ಳುವುದಿಲ್ಲ. ಆ ಮೊಹರೊತ್ತುವ ಕೀಲಿ ಅನ್ನುವ ಗುಪ್ತ ಸಂಖ್ಯೆಯನ್ನು ಬಾಗಿಲು ಹಾಕಿದ ದಿನವೇ ಅಳಿಸಿದ್ದರು. ಹಿಂದಿನ ಫರ್ಮ್‌ವೇರ್‌ಗೇ ಮರಳೋಣವೆಂದರೆ, ಒಮ್ಮೆ ಹೊಸದು ಹಾಕಿದ ಮೇಲೆ ಹಳೆಯದನ್ನು ಅದು ಒಪ್ಪದು. ಬೇರೆ ಕ್ಯಾಮೆರಾ ಸಿಕ್ಕಿಸಿದೆ, ಅದೂ ಪಟ್ಟಿಯಲ್ಲಿಲ್ಲದ್ದು, ಯಂತ್ರ ಮೂಸಿಯೂ ನೋಡಲಿಲ್ಲ. ಹಳೇ ಮ್ಯಾನೇಜರಿಗೆ ಫೋನ್ ಮಾಡಿ ಅತ್ತೆ. "ಕೀಲಿನೇ ಇಲ್ವಲ್ಲಮ್ಮ, ಏನ್ ಮಾಡೋಕಾಗುತ್ತೆ?" ಅಂದರು. ಹೊಸ ಯಂತ್ರಕ್ಕೆ ಆಸ್ಪತ್ರೆಯಲ್ಲಿ ಮೂರು ತಿಂಗಳು ಕಾಯಬೇಕು. ಅಣ್ಣನ ಕಣ್ಣು ಇನ್ನು ಆರು ವಾರ ಆಡಿದರೆ ಹೆಚ್ಚು ಅಂತ ಅದೇ ಆಸ್ಪತ್ರೆಯ ಡಾಕ್ಟರು ಹೇಳಿದ್ದರು.

"ಪಟ್ಟಿಯಿಂದ ಕ್ಯಾಮೆರಾ ತೆಗೆದುಬಿಟ್ಟಿದ್ದಾರೆ, ಕಂಪನಿಯವರ ತಪ್ಪು" ಅಂತ ಅತ್ತಿಗೆಗೆ ಹೇಳಿದೆ. "ಅವರ ಬಾಯಿಗೆ ಮಣ್ಣು ಹಾಕ!" ಅಂತ ಶಪಿಸಿದರು ಅತ್ತಿಗೆ. ಅಣ್ಣನೂ ಕೇಳಿಸಿಕೊಂಡ. ನಾನು ತಲೆ ತಗ್ಗಿಸಿ ಹೂಂಗುಟ್ಟಿದೆ.

ಗುರುವಾರ ಒಂದು ರಟ್ಟಿನ ಮೇಲೆ ವರ್ಣಮಾಲೆ ಬರೆದೆ. ಸಾಲುಸಾಲಾಗಿ ಬೆರಳಿಡುತ್ತ ಹೋಗಬೇಕು, ಬೇಕಾದ್ದು ಬಂದಾಗ ಅವನು ರೆಪ್ಪೆ ಮುಚ್ಚಿ ತೆರೆಯಬೇಕು. ಮೊದಲು ಅಕ್ಷರ, ಆಮೇಲೆ ಅದರ ಸ್ವರ. ಹತ್ತು ಹನ್ನೆರಡು ಅಕ್ಷರಕ್ಕೆ ರೆಪ್ಪೆ ಸೋತು ಬೀಳುತ್ತೆ, ಮತ್ತೆ ಏಳುವುದು ಮಾರನೇ ದಿನವೇ ಅಂತ ಡಾಕ್ಟರು ಮೊದಲೇ ಹೇಳಿದ್ದರು.

ಅತ್ತಿಗೆ ಔಷಧಿ ತರಲು ಹೋಗಿದ್ದರು. "ಅತ್ತಿಗೆ ಬರ್ಲಿ ತಾಳು" ಅಂದೆ. ಅಣ್ಣ ರಟ್ಟಿನಿಂದ ಕಣ್ಣು ಕೀಳಲಿಲ್ಲ. ಬೆರಳಿಟ್ಟೆ.

ಯಾ. ರು.

"ಪಟ್ಟಿಯಿಂದ ತೆಗ್ದಿದ್ದು ಯಾರು ಅಂತಾನಾ?"

ರೆಪ್ಪೆ ಮುಚ್ಚಿ ತೆರೆದ.

"ನಾನೇ ಅಣ್ಣ."

ನನ್ನನ್ನು ನೋಡಿದ. ಬೈಯಲಿ, ಉಗಿದುಬಿಡಲಿ ಅಂತ ಕಾದೆ. ಅವನ ಕಣ್ಣು ಮತ್ತೆ ರಟ್ಟಿನತ್ತ ಹೊರಳಿತು. ಅ. ವ. ಳಿ. ಗೆ. ಅಷ್ಟಕ್ಕೇ ರೆಪ್ಪೆ ನಡುಗತೊಡಗಿತು. ಒದ್ದೆ ಹತ್ತಿಯಿಂದ ಒರೆಸಿ, "ಸಾಕು ಬಿಡೋ, ನಾಳೆ ಹೇಳು" ಅಂದೆ. ಕೇಳಬೇಕಲ್ಲ! ಹೇ. ಳ. ಬೇ. ಡ. ಅರ್ಧ ಗಂಟೆಗೂ ಮೇಲೆ ಹಿಡಿಯಿತು. ಅಲ್ಲಿಗೆ ರೆಪ್ಪೆ ಬಿದ್ದುಹೋಯಿತು.

ಅತ್ತಿಗೆ ಬಂದವರೇ ನನ್ನ ಕೈಯಲ್ಲಿದ್ದ ರಟ್ಟು ನೋಡಿದರು. ಔಷಧಿ ಚೀಲ ನೆಲಕ್ಕಿಟ್ಟು ಮಂಚದ ಅಂಚಿಗೆ ಕೂತರು.

"ಮಾತಾಡಿದ್ರಾ? ನಂಗೊಂಚೂರು ಕಾಯ್ಬಾರ್ದಿತ್ತಾ! ನಾಲ್ಕು ದಿನ ಆಯ್ತು ಕಣೇ, ಅವರ ಒಂದು ಮಾತು ಕೇಳಿ. ನನ್ ವಿಷ್ಯ ಏನಾದ್ರೂ ಅಂದ್ರಾ?"

"ಹೂಂ. ನಿಮ್ ವಿಷ್ಯಾನೇ ಅತ್ತಿಗೆ."

"ಹೌದಾ? ಏನಂದ್ರೇ?"

ಅಣ್ಣನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಅತ್ತಿಗೆ ನನ್ನ ಬಾಯನ್ನೇ ನೋಡುತ್ತ ಕೂತರು.