ಪಾರಿವಾಳದ ಧಣಿ ಮತ್ತು ಅವನ ಹೆಂಡತಿಯ ಉಸಿರು

ಬೀದಿಯವರೆಲ್ಲ ಅವಳ ಗಂಡನನ್ನು ಧಣಿ ಎನ್ನುತ್ತಿದ್ದರು. ತಾರಸಿಯ ಮೇಲೆ ನಲವತ್ತು ಪಂದ್ಯದ ಪಾರಿವಾಳ ಸಾಕಿದ್ದ ಈ ಧಣಿಗೆ ಇದ್ದ ಆಳು ಒಬ್ಬಳೇ, ಕಟ್ಟಿಕೊಂಡ ಹೆಂಡತಿ. ಗೂಡಿನ ಹಿಕ್ಕೆ ಕೆರೆಯುವುದು, ಪುಕ್ಕ ಗುಡಿಸುವುದು ಅವಳ ಪಾಲು. ಹಕ್ಕಿಯೊಂದನ್ನು ಅಂಗೈ ಮೇಲೆ ಕೂರಿಸಿಕೊಂಡು ಬೀದಿಗೆಲ್ಲ ಕಾಣುವಂತೆ ನಿಲ್ಲುವುದು ಅವನ ಪಾಲು. ಪಾಪ, ಎಷ್ಟು ದಣಿವೋ!

ಎರಡು ವರ್ಷದಿಂದ ಅವಳಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಕೆಮ್ಮು. "ನಾಟಕ ಸಾಕು ಮಾಡೇ," ಎನ್ನುತ್ತಿದ್ದ ಧಣಿ. ಯಾವುದಾದರೂ ಹಕ್ಕಿ ಮಂಕಾಗಿ ಕೂತರೆ ಮಾತ್ರ ಆಫೀಸಿಗೆ ರಜೆ ಹಾಕಿ ಪಶುವೈದ್ಯರ ಬಾಗಿಲು ಕಾಯುತ್ತಿದ್ದ. ಕೊನೆಗೆ ಅವಳ ಅಕ್ಕ ಬಂದು ರಂಪ ಮಾಡಿದ ಮೇಲೆ ಎದೆಯ ಸಿಟಿ ಸ್ಕ್ಯಾನ್ ಆಯಿತು. ಉಸಿರು ಎಳೆದು ಹಿಡಿದುಕೊಳ್ಳಿ ಎಂದರು, ಹಿಡಿದಳು. ವರದಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

ಅಬ್ಬಬ್ಬಾ, ಅವತ್ತು ಧಣಿಯ ಗತ್ತು ನೋಡಬೇಕಿತ್ತು! ಆ ಹಾಳೆಯನ್ನು ಪಾರಿವಾಳ ಗೆದ್ದ ಟ್ರೋಫಿಯ ಪಕ್ಕದಲ್ಲೇ ಇಟ್ಟು, ಬಂದವರಿಗೆಲ್ಲ ತೋರಿಸಿದ. "ಮೆಷಿನ್ನೇ ಹೇಳಿದೆ ನೋಡಿ, ಸೋಮಾರಿತನಕ್ಕೆ ಔಷಧಿ ಇಲ್ಲ ಅಂತ." ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ರಾತ್ರಿ ಮಲಗಿದಾಗ, ಇದು ನಿಜವಾಗಿಯೂ ನಾಟಕವೇ ಇರಬಹುದೇ ಎಂದು ತನ್ನ ಮೇಲೇ ಅನುಮಾನ ಬಂತಲ್ಲ, ಅದಕ್ಕೆ ಇನ್ನೂ ಹೇಸಿಗೆಯಾಯಿತು.

ಅಕ್ಕ ಬಿಡುವ ಪೈಕಿಯಲ್ಲ. ಶ್ವಾಸಕೋಶದ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ಅವರು ವರದಿ ಓದಿ, "ಇದು ಉಸಿರು ತುಂಬ್ಕೊಂಡಾಗ ತೆಗೆದಿದ್ದು. ಬಿಟ್ಟಾಗ ಏನಾಗುತ್ತೆ ಅಂತ ನೋಡ್ಬೇಕು," ಎಂದು ಮತ್ತೊಂದು ಸ್ಕ್ಯಾನ್ ಬರೆದುಕೊಟ್ಟರು.

ಎರಡನೇ ಸಲ ಕೈಗಳನ್ನು ತಲೆಯ ಹಿಂದಕ್ಕೆ ಚಾಚಿ ಮಲಗಿದ್ದಳು. "ಪೂರ್ತಿ ಬಿಡಿ. ಇನ್ನೂ ಬಿಡಿ. ಈಗ ಹಾಗೇ ಇರಿ," ಎಂದಿತು ಗಾಜಿನಾಚೆಯ ದನಿ. ಹೊಟ್ಟೆ ಬೆನ್ನಿಗೆ ಅಂಟುವ ಹಾಗೆ ಬಿಟ್ಟಳು. ಕಣ್ಣಲ್ಲಿ ನೀರು ಬಂತು.

ಮಾರನೆಯ ದಿನ ಧಣಿಯೂ ಜೊತೆಗೆ ಬಂದ, ಎರಡನೇ ಗೆಲುವನ್ನು ಕಣ್ಣಾರೆ ನೋಡಲು. ಡಾಕ್ಟರಮ್ಮ ಪರದೆ ತಿರುಗಿಸಿದರು.

"ಗಾಳಿ ಹೊರಗೆ ಹೋದ ಕಡೆ ಬೂದು ಬಣ್ಣ ಆಗಿದೆ. ಈ ತೇಪೆಗಳು ಮಾತ್ರ ಕಪ್ಪಾಗೇ ಉಳಿದಿವೆ ನೋಡಿ. ಅಲ್ಲೆಲ್ಲ ಗಾಳಿ ಸಿಕ್ಕಿಹಾಕ್ಕೊಂಡಿದೆ, ಇವರು ಎಷ್ಟು ಬಿಟ್ರೂ ಹೋಗ್ತಿಲ್ಲ. ಮನೇಲಿ ಹಕ್ಕಿ ಏನಾದ್ರೂ ಸಾಕಿದೀರಾ?"

"ನಲವತ್ತು!" ಎಂದು ಎದೆಯುಬ್ಬಿಸಿದ ಧಣಿ. "ಊರಿಗೇ ನಂಬರ್ ಒನ್."

"ಹಿಕ್ಕೆ, ಪುಕ್ಕದ ಧೂಳಿಂದ್ಲೇ ಹೀಗಾಗಿರೋ ಹಾಗಿದೆ. ರಕ್ತಪರೀಕ್ಷೆನೂ ಮಾಡಿಸೋಣ. ಆದ್ರೆ ಇವತ್ತಿಂದ್ಲೇ ಇವರು, ಆ ಹಕ್ಕಿಗಳು ಒಂದೇ ಮನೇಲಿ ಇರೋ ಹಾಗಿಲ್ಲ. ಹೀಗೇ ಬಿಟ್ರೆ ಆಮೇಲೆ ನಾನೂ ಏನೂ ಮಾಡೋಕಾಗಲ್ಲ."

ಧಣಿಯ ಮುಖ ಬಿಳಿಚಿಕೊಂಡಿತು. ಅದನ್ನು ಕಂಡು ಅವಳಿಗೆ ಆಸೆ ಹುಟ್ಟಿತು. ಇಷ್ಟು ವರ್ಷ ಬಾಳಿದ್ದಕ್ಕೆ ಅಷ್ಟು ಕಾಳಜಿಯಾದರೂ ಇಲ್ಲದೆ ಇದ್ದೀತೇ?

"ಡಾಕ್ಟ್ರೇ," ಎಂದ ಅವನು, "ಇವಳ ಕೆಮ್ಮು ಅವಕ್ಕೇನೂ ಅಂಟಿಲ್ಲ ತಾನೆ?"

ಅಕ್ಕ "ಥೂ" ಎಂದಳು.

ಹೊರಗೆ ಬಂದ ಮೇಲೆ ಧಣಿ ಗಂಟಲು ಸರಿಮಾಡಿಕೊಂಡ. "ಮುಖಕ್ಕೆ ಬಟ್ಟೆ ಕಟ್ಕೊಂಡು ಗುಡಿಸಿದ್ರಾಯ್ತು. ಅವನ್ನ ಯಾರಿಗೂ ಕೊಡೋಕಾಗಲ್ಲ ಕಣೇ. ಎಲ್ಲಿ ಬಿಟ್ರೂ ಹಾರಿ ಮನೆಗೇ ವಾಪಸ್ ಬರ್ತವೆ."

ಅವಳಿಗೆ ನಗು ಬಂತು, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಗೂಡಿನ ಬೀಗದ ಕೈ ತೆಗೆದು ಅವನ ಅಂಗೈಯಲ್ಲಿಟ್ಟಳು.

"ಅವು ಬರ್ತವೆ. ನಾನು ಬರಲ್ಲ. ಹಿಕ್ಕೆ ಕೆರೆಯೋ ತಗಡು ಬಾಗಿಲ ಹಿಂದೆ ಇದೆ."

ಅಕ್ಕನ ತೋಳು ಹಿಡಿದು ನಿಧಾನವಾಗಿ ಮೆಟ್ಟಿಲು ಇಳಿದಳು. ಹಿಂದಿನಿಂದ ಧಣಿ ಗಾಬರಿಯಿಂದ ಕೂಗುತ್ತಿದ್ದ: "ಲೇ, ಸಂಜೆ ಅವಕ್ಕೆ ಕಾಳು ಹಾಕೋರ್ಯಾರೇ?"