ಹೊರೆ ಯಾರ ಕೊರಳ ಮೇಲೆ

ಓಷ್ ವಿಮಾನ ನಿಲ್ದಾಣದ ಕ್ಯಾಂಟೀನಿನಲ್ಲಿ ಗಣಿ ಕಂಪನಿಯ ಅಧಿಕಾರಿ ಚಹಾ ಬಟ್ಟಲನ್ನು ಕೆಳಗಿಟ್ಟು, ನಿಮ್ಮ ವಿಮಾನಗಳಲ್ಲಿ ಯಾರಾದರೂ ಸತ್ತಿದ್ದಾರೆಯೇ ಎಂದು ನೇರವಾಗಿ ಕೇಳಿದ. ಕ್ಯಾಪ್ಟನ್ ಕಾಸಿಮಾಲಿ ಮಾಂಸ ತುಂಬಿದ ಸಮ್ಸಾ ಮುರಿಯುತ್ತಿದ್ದ.

"ಒಬ್ಬ ಸತ್ತ. ಅವನೇ ಕಟ್ಟಿದ ಹೊರೆ ಅವನ ಮೇಲೇ ಬಿತ್ತು. ಕಟ್ಟೋಕೆ ಬರದವನು ಈ ಕೆಲಸಕ್ಕೆ ಬರಬಾರದಿತ್ತು."

ಪಕ್ಕದ ಮೇಜಿನಲ್ಲಿದ್ದ ತಾಶ್ತಾನ್ ಎದ್ದು ಹೊರಗೆ ಹೋದ. ಸತ್ತವನು ಅವನ ತಮ್ಮ ಜೇನ್‌ಬಾಯ್. ತಾಶ್ತಾನ್ ಅಲ್ಲೇ ಕೂತಿದ್ದಾನೆಂದು ಕಾಸಿಮಾಲಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದ.

ಅವರದು ಕೋಕ್-ಕನಾತ್ ಎಂಬ ಸಣ್ಣ ಸರಕು ವಿಮಾನ ಕಂಪನಿ. ಸೋವಿಯತ್ ಒಕ್ಕೂಟ ಒಡೆದು, ಸರ್ಕಾರಿ ಸಂಸ್ಥೆ ಸಂಬಳ ಕೊಡಲಾಗದೆ ಕೈಚೆಲ್ಲಿದಾಗ ಪೈಲಟ್ ಅಸಾನ್ ಮತ್ತು ಅವನ ಗೆಳೆಯರು ಸಂಬಳದ ಬದಲು ಮೂರು ಹಳೆಯ ಆಂತೊನೊವ್ ವಿಮಾನಗಳನ್ನು ಪಡೆದುಕೊಂಡಿದ್ದರು. ಈರುಳ್ಳಿ, ಹೊಲಿಗೆ ಯಂತ್ರ, ರೇಸಿನ ಕುದುರೆ, ಸಿಕ್ಕಿದ್ದನ್ನೆಲ್ಲ ಹೊತ್ತರು. ಒಂದು ವಿಮಾನವನ್ನು ಬಿಡಿಭಾಗಗಳಿಗಾಗಿ ಬಿಚ್ಚಿದರು. ಇನ್ನೊಂದು ನಾಲ್ಕು ವರ್ಷದ ಹಿಂದೆ ಜೇನ್‌ಬಾಯ್ ಸತ್ತ ದಿನ ಮುರಿಯಿತು. ಈಗ ಉಳಿದದ್ದು ಒಂದೇ. ಅಸಾನ್ ತೀರಿಹೋದ ಮೇಲೆ ಕಂಪನಿ ನಡೆಸುತ್ತಿದ್ದವಳು ಅವನ ಹೆಂಡತಿ ಬುರುಲ್ಚಾ. ಗಣಿ ಇರುವ ಬಾತ್ಕೆನ್‌ಗೆ ಹೋಗುವ ರಸ್ತೆ ಗಡಿ ಜಗಳದಿಂದ ಮುಚ್ಚಿದ್ದರಿಂದ ಗಣಿಯವರಿಗೆ ವಿಮಾನ ಬೇಕಾಗಿತ್ತು. ಇವತ್ತು ಹೊರಬೇಕಾದ ಗಣಿಯ ಕೊಳವೆಗಳು ಹೊತ್ತಿಗೆ ಸರಿಯಾಗಿ ತಲುಪಿದರೆ ವರ್ಷದ ಕೆಲಸವೆಲ್ಲ ಇವರಿಗೆ; ಇಲ್ಲವಾದರೆ ಎದುರಾಳಿ ಕಂಪನಿಗೆ. ಇದು ತಪ್ಪಿದರೆ ಕೋಕ್-ಕನಾತ್ ಬಾಗಿಲು ಮುಚ್ಚುವುದೇ ಸೈ.

ಕಂಪನಿಯಲ್ಲಿ ಅಸಾನ್ ಹಾಕಿಕೊಟ್ಟ ಒಂದು ಪದ್ಧತಿಯಿತ್ತು. ಕಾಗದಕ್ಕೆ ಎಲ್ಲರೂ ಸಹಿ ಹಾಕುತ್ತಾರೆ, ಕೆಟ್ಟದ್ದಾದರೆ ಯಾರೂ ಸಿಗುವುದಿಲ್ಲ ಎನ್ನುತ್ತಿದ್ದ ಅವನು. ಆದ್ದರಿಂದ ಇಂಜಿನ್ ಶುರುವಾದ ಮೇಲೆ ಹೊರೆ ಕಟ್ಟಿದವನು ಕಾಕ್‌ಪಿಟ್‌ಗೆ ಬಂದು, ಕ್ಯಾಪ್ಟನ್ನನ ಭುಜ ಮುಟ್ಟಿ, "ಹೊರೆ ನನ್ನ ಕೊರಳ ಮೇಲೆ" ಎನ್ನಬೇಕು. ಆಮೇಲೆ ಹಿಂದೆ ಹೋಗಿ ಹೊರೆಯ ಪಕ್ಕದಲ್ಲೇ ಕೂತು ಹಾರಬೇಕು. ಆ ಮಾತು ಕೇಳದೆ ಕ್ಯಾಪ್ಟನ್ ಬ್ರೇಕ್ ಬಿಡುವಂತಿಲ್ಲ.

ತಮ್ಮನ ಜಾಗಕ್ಕೆ ಬಂದ ತಾಶ್ತಾನ್ ಇಷ್ಟು ದಿನವೂ ಅದನ್ನು ಹೇಳಿದ್ದ. ಮೊದಲು ಕಾಸಿಮಾಲಿಯನ್ನು ಬಾಯ್ಕೆ, ಅಂದರೆ ಅಣ್ಣಾ, ಎನ್ನುತ್ತಿದ್ದವನು ತಮ್ಮ ಸತ್ತ ಮೇಲೆ ಬರೀ ಕ್ಯಾಪ್ಟನ್ ಎನ್ನುತ್ತಿದ್ದ. ಕೆಲಸ ಬಿಟ್ಟು ಬೇರೆ ಮಾತಿರಲಿಲ್ಲ.

ಎರಡೂ ಇಂಜಿನ್ ಶುರುವಾದವು. ತಾಶ್ತಾನ್ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಭುಜ ಮುಟ್ಟಲಿಲ್ಲ.

"ಏನಯ್ಯಾ, ನಾಲಗೆ ಬಿದ್ದುಹೋಯ್ತಾ?" ಎಂದ ಕಾಸಿಮಾಲಿ.

"ಇದೆ. ಹೊರೆ ಸರಿಯಾಗಿ ಕಟ್ಟಿದೀನಿ, ಬೇಕಾದ್ರೆ ಹೋಗಿ ನೋಡಿ. ಆದ್ರೆ ಆ ಮಾತು ಹೇಳಲ್ಲ."

"ಯಾಕೆ?"

"ನಮ್ಮ ಜೇನ್‌ಬಾಯ್ ಆ ಮಾತು ಹೇಳಿದ್ದ ಅಂತ ನೀವು ಅಪಘಾತದ ವಿಚಾರಣೇಲಿ ಹೇಳಿದ್ರಲ್ಲ, ಅದಕ್ಕೆ. ಅವನು ಬಂದು ಹೇಳಿದ್ನಾ? ಇವರ ಮುಂದೆ ಒಂದು ಸಲ ನಿಜ ಹೇಳಿ. ಹೇಳಿದ ತಕ್ಷಣ ಹೋಗಿ ಕೂತ್ಕೋತೀನಿ."

ಸಹಚಾಲಕ ಇಲ್ಗಿಜ್ ಕತ್ತು ತಿರುಗಿಸಿದ. ಅವನು ಕಂಪನಿಗೆ ಹೊಸಬ. ಅಪಘಾತದ ದಿನದ ಸಹಚಾಲಕ ಶಾರ್ಜಾಕ್ಕೆ ಹೋಗಿ ಅಲ್ಲೇ ಉಳಿದಿದ್ದ. ಆ ವಿಮಾನದ ಕಾಕ್‌ಪಿಟ್‌ನ ಮಾತು ಮುದ್ರಿಸುವ ಯಂತ್ರ ಅಪಘಾತಕ್ಕೆ ಮೊದಲೇ ಕೆಟ್ಟಿತ್ತು.

"ಹೇಳಿದ್ದ," ಎಂದ ಕಾಸಿಮಾಲಿ.

"ಅವನ ಹೆಣ ತೊಳೆದವನು ನಾನು, ಕ್ಯಾಪ್ಟನ್. ಅಂಗೈಯಲ್ಲಿ ಹೊರೆ ಕಟ್ಟೋ ಪಟ್ಟಿಯ ಕೊಕ್ಕೆ ಅಚ್ಚೊತ್ತಿತ್ತು. ಕಟ್ಟಿ ಮುಗಿಸಿ, ನಿಮ್ಮ ಭುಜ ಮುಟ್ಟಿ ಹೋದವನ ಕೈಯಲ್ಲಿ ಕೊಕ್ಕೆ ಯಾಕಿತ್ತು? ನಮ್ಮಮ್ಮ ನಾಲ್ಕು ವರ್ಷದಿಂದ ಊರಲ್ಲಿ ತಲೆ ತಗ್ಗಿಸ್ಕೊಂಡು ಓಡಾಡ್ತಿದಾಳೆ."

ಕಾಸಿಮಾಲಿ ಗಾಜಿನಾಚೆ ನೋಡಿದ. ಜೇನ್‌ಬಾಯ್ ಸತ್ತ ದಿನ ಬೆಟ್ಟದ ಮೇಲಿಂದ ಮೋಡ ಇಳಿಯುತ್ತಿತ್ತು. ಇನ್ನು ಸ್ವಲ್ಪ ಕಾದರೆ ದಾರಿ ಮುಚ್ಚುತ್ತಿತ್ತು. ಹಿಂದಿನಿಂದ ಜೇನ್‌ಬಾಯ್ "ಇನ್ನೊಂದೇ ಪಟ್ಟಿ ಕಟ್ಟೋದಿದೆ, ತಡೀರಿ ಬಾಯ್ಕೆ" ಎಂದು ಕೂಗಿದ್ದ. ಕಾಸಿಮಾಲಿ ಬ್ರೇಕ್ ಬಿಟ್ಟಿದ್ದ. ನೆಲ ಬಿಡುವಾಗ ಕೊಳವೆಗಳು ಹಿಂದಕ್ಕೆ ಜಾರಿದ್ದವು.

ವಿಮಾನ ಹೊರಡದ್ದನ್ನು ಕಂಡು ಬುರುಲ್ಚಾ ಏಣಿ ಹತ್ತಿ ಬಂದಳು. ಕೆಳಗೆ ಗಣಿಯ ಅಧಿಕಾರಿ ಗಡಿಯಾರ ನೋಡುತ್ತಾ ನಿಂತಿದ್ದ. ತಾಶ್ತಾನ್ ಅವಳಿಗೂ ಅದನ್ನೇ ಹೇಳಿದ.

"ನಿನಗೆ ಇವತ್ತೇ ಬೇಕಾಗಿತ್ತಾ?" ಎಂದಳು ಅವಳು.

"ಕ್ಯಾಂಟೀನಲ್ಲಿ ಅವರೇ ಶುರು ಮಾಡಿದ್ದು, ಅಕ್ಕಾ."

ಅವಳು ಕ್ಯಾಪ್ಟನ್ನನ ಕಡೆ ತಿರುಗಿದಳು. "ಹೇಳಿಬಿಡಿ. ಏನಾಗಿತ್ತೋ ಅದನ್ನ ಹೇಳಿ. ನಾನು ಪೊಲೀಸ್ನೋರನ್ನ ಕರೆಯಲ್ಲ. ನನಗೆ ಈ ಕೊಳವೆ ಬಾತ್ಕೆನ್ನಲ್ಲಿ ಇಳಿದ್ರೆ ಸಾಕು."

"ಹೇಳೋಕೇನೂ ಇಲ್ಲ."

"ಹಾಗಾದ್ರೆ ಅವನು ಹೇಳಿದ್ದ ಅಂತ ಅಸಾನ್ ಹೆಸರಲ್ಲಿ ಆಣೆ ಮಾಡಿ. ಇವನನ್ನ ಈಗಲೇ ಕೆಳಗಿಳಿಸಿ ನಾನೇ ಹಿಂದೆ ಕೂತ್ಕೋತೀನಿ."

ಹಾರುವುದನ್ನು ಕಾಸಿಮಾಲಿಗೆ ಕಲಿಸಿದವನು ಅಸಾನ್. ಬರೀ ಸುಳ್ಳು ಹೇಳುವುದು ಕಾಸಿಮಾಲಿಗೆ ರೂಢಿಯಾಗಿತ್ತು. ಗುರುವಿನ ಹೆಸರಲ್ಲಿ ಸುಳ್ಳು ಆಣೆ ಮಾಡಲು ಅವನು ಸಿದ್ಧನಿರಲಿಲ್ಲ. ನಿಜ ಹೇಳಿದರೆ ಸಾಕಿತ್ತು, ವಿಮಾನ ಏಳುತ್ತಿತ್ತು. ಆದರೆ ನಾಳೆ ಓಷ್‌ನ ಪ್ರತಿ ಚಹಾದಂಗಡಿಯಲ್ಲಿ ಜನ ತನ್ನನ್ನು ಯಾವ ಕಣ್ಣಿನಿಂದ ನೋಡುತ್ತಾರೆಂದು ಅವನು ಯೋಚಿಸಿದ. ಕೈ ಮುಂದೆ ಹೋಯಿತು. ಬಲ ಇಂಜಿನ್ ಆರಿಸಿದ, ಆಮೇಲೆ ಎಡದ್ದು. ಪ್ರೊಪೆಲ್ಲರ್‌ಗಳು ನಿಧಾನವಾಗಿ ನಿಂತವು.

"ಎಡ ಇಂಜಿನ್ ಬಿಸಿಯಾಗ್ತಿತ್ತು," ಎಂದ. "ಇದರಲ್ಲಿ ಹಾರೋಕಾಗಲ್ಲ."

"ಬಿಸಿ ಇರಲಿಲ್ಲ," ಎಂದ ಇಲ್ಗಿಜ್, ಬಿಸಿ ತೋರಿಸುವ ಮಾಪಕದ ಮುಳ್ಳುಗಳನ್ನು ನೋಡುತ್ತಲೇ. "ನಾನು ನೋಡ್ತಾನೇ ಇದ್ದೆ. ಸರಿಯಾಗೇ ಇತ್ತು."

"ನಿನ್ನನ್ನ ಯಾರು ಕೇಳಿದ್ರು?"

ತಾಶ್ತಾನ್ ಹೊರೆ ಇಳಿಸಲು ಹಿಂದಕ್ಕೆ ಹೋದ. ವಿಮಾನದ ಹಿಂಬಾಗಿಲು ಕೆಳಗಿಳಿಯುವ ಕಿರುಗುಟ್ಟುವ ಸದ್ದು ಕೇಳಿಸಿತು. ಬುರುಲ್ಚಾ ಕಾಸಿಮಾಲಿಯ ಹತ್ತಿರ ಬಂದಳು.

"ಅಸಾನ್ ಬದುಕಿದ್ದಿದ್ರೆ ನಿಮ್ಮನ್ನ ಆ ಗಾಜಿನಿಂದಲೇ ಹೊರಗೆ ಎಸೀತಿದ್ದ," ಎಂದಳು. "ನನಗೆ ಅಷ್ಟು ಶಕ್ತಿ ಇಲ್ಲ. ನೀವೇ ಇಳೀರಿ."

ಅವನು ಇಳಿಯಲಿಲ್ಲ. ಅವನು ಕೇಳಿಸಿಕೊಳ್ಳುತ್ತಿರುವಂತೆಯೇ ಅವಳು ಫೋನ್ ತೆಗೆದು ಎದುರಾಳಿ ಕಂಪನಿಗೆ ಕರೆ ಮಾಡಿದಳು.

"ಹೂಂ, ಬುರುಲ್ಚಾನೇ. ನಗೋದಿದ್ರೆ ಆಮೇಲೆ ನಗಿ. ಗಣಿಯವರ ಕೊಳವೆ ಇಲ್ಲಿದೆ, ನಿಮ್ಮ ವಿಮಾನ ಕಳಿಸಿ. ಹೊರೆ ಕಟ್ಟೋಕೆ ಜನ ಬೇಡ, ನಮ್ಮ ತಾಶ್ತಾನ್ ಇದಾನೆ. ಒಳ್ಳೆ ಕೆಲಸಗಾರ. ಅವನನ್ನೂ ಇಟ್ಕೊಳ್ಳಿ."