ಹುಲಿಗೆವ್ವನ ಕೋಳಿಗಳು

ಖಡಕಿಯ ಕ್ವಾರ್ಟರ್ಸ್‌ನಲ್ಲಿದ್ದ ಇಂದೂಗೆ ಐವತ್ತು ದಾಟಿದ ಮೇಲೆ ಚಿತ್ರ ಬರೆಯುವ ಹುಚ್ಚು ಹಿಡಿಯಿತು. ರವಿವಾರದ ಕ್ಲಾಸಿನಲ್ಲಿ ಮಾಸ್ತರರು ಹಳೆಯ ಫ್ರೆಂಚ್ ಚಿತ್ರವೊಂದರ ಪ್ರತಿ ತೋರಿಸಿದ್ದರು. ಮರದಡಿಯ ಹುಲ್ಲಿನಲ್ಲಿ ಕೋಳಿಗಳು. ಹತ್ತಿರ ಹೋದರೆ ಬರೀ ಬಣ್ಣದ ಚುಕ್ಕೆ. ತುಸು ಹಿಂದೆ ಸರಿದರೆ ಕೋಳಿಗಳು ಮಣ್ಣು ಕೆದರುತ್ತಿದ್ದವು, ಎಲೆಗಳ ನಡುವೆ ಬಿಸಿಲು ಅಲುಗುತ್ತಿತ್ತು. ಇಂದೂ ಮನೆಗೆ ಬಂದವಳೇ ಬಣ್ಣದ ಡಬ್ಬಿ ಎತ್ತಿಕೊಂಡು ಕ್ವಾರ್ಟರ್ಸ್ ಹಿಂದಿನ ಚಾಳಿನ ಸಾಲುಮನೆಯಲ್ಲಿದ್ದ ಹುಲಿಗೆವ್ವನ ಅಂಗಳಕ್ಕೆ ಹೋದಳು.

ಹುಲಿಗೆವ್ವ ಕೊಪ್ಪಳದ ಕಡೆಯ ಒಂಟಿ ಹೆಂಗಸು. ಹುಣಸೆಮರದ ಕೆಳಗೆ ಕೋಳಿ ಸಾಕಿಕೊಂಡು ತತ್ತಿ ಮಾರುತ್ತಿದ್ದಳು.

"ಅಕ್ಕಾರ, ಇವು ನಿಮ್ಮ ಸಲುವಾಗಿ ಸುಮ್ಮನ ನಿಂದ್ರಂಗಿಲ್ರಿ," ಎಂದು ನಕ್ಕಳು.

ನಿಲ್ಲಲಿಲ್ಲ. ಒಂದರ ಬಾಲ ಬರೆಯುವಷ್ಟರಲ್ಲಿ ಅದು ತಿಪ್ಪೆಯ ಆಚೆಗಿರುತ್ತಿತ್ತು. ಕಡೆಗೆ ಇಂದೂ ಗೆರೆ ಎಳೆಯುವುದನ್ನೇ ಬಿಟ್ಟು, ಕಂಡ ಬಣ್ಣವನ್ನು ಕಂಡಾಗಲೇ ಮೆತ್ತತೊಡಗಿದಳು. ಹುಲಿಗೆವ್ವ ಪಕ್ಕದಲ್ಲಿ ಕೂತು ಒಂದೊಂದರ ಗುಣ ಹೇಳುವಳು. ಯಾವುದು ಜಗಳಗಂಟಿ, ಯಾವುದು ಕಾವಿಗೆ ಕೂತರೆ ಏಳದ್ದು ಅಂತ.

ಚಿತ್ರ ಮುಗಿಯುವ ಹೊತ್ತಿಗೆ, ಎರಡು ಸಾವಿರದ ಆರರ ಫೆಬ್ರುವರಿಯಲ್ಲಿ, ಹಕ್ಕಿಜ್ವರದ ಸುದ್ದಿ ಬಂತು. ರೋಗ ಎಲ್ಲೋ ದೂರದ ನವಾಪುರದಲ್ಲಿ. ಆದರೂ ಕ್ವಾರ್ಟರ್ಸ್‌ನವರು ಹೆದರಿ, ಸಭೆ ಸೇರಿ, ಕೋಳಿಗಳನ್ನು ತೆಗೆಸಬೇಕೆಂದರು. ಹೇಳಿಬರಲು ಹೊರಟವನು ಇಂದೂಳ ಗಂಡ ಪ್ರಲ್ಹಾದ.

"ಅವಕ್ಕ ಏನೂ ಆಗಿಲ್ರಿ. ನಾ ದಿನಾ ನೋಡ್ತೀನಲ್ಲ," ಎಂದಳು ಇಂದೂ.

"ನಿನಗ ಚಿತ್ರದ ಚಿಂತಿ. ಮಂದಿಗೆ ಮಕ್ಕಳ ಚಿಂತಿ."

ಮಾತು ಚುಚ್ಚಿತು. ಆದರೂ ಅವನ ಹಿಂದೆಯೇ ಹೋದಳು. ಪ್ರಲ್ಹಾದ ಬಾಯಿ ತೆರೆಯುವ ಮೊದಲೇ ಹುಲಿಗೆವ್ವ ಅಂದಳು: "ಗೊತ್ತಾತ್ರಿ ಸಾಹೇಬ್ರ. ಸಾಸವಡದಾಗ ನನ್ನ ತಂಗಿ ಅದಾಳ, ಅಲ್ಲಿ ಕಳಸ್ತೀನಿ. ಕೊಲ್ಲು ಅಂತ ಮಾತ್ರ ಅನಬ್ಯಾಡ್ರಿ."

ಮರುದಿನ ಕೋಳಿಬುಟ್ಟಿಗಳನ್ನು ಟೆಂಪೋಗೆ ಏರಿಸಿದವನು ಪ್ರಲ್ಹಾದನೇ.

ಇಂದೂ ಚಿತ್ರಕ್ಕೆ ಕಟ್ಟು ಹಾಕಿಸಿ ಒಯ್ದು ಕೊಟ್ಟಳು. ಹುಲಿಗೆವ್ವ ಬಹಳ ಹೊತ್ತು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಭಾಳ ಚಂದ ಆಗ್ಯಾವ್ರಿ. ಆದ್ರ ಇಲ್ಲಿ ಬ್ಯಾಡ. ಅಂಗಳ ಖಾಲಿ, ಗ್ವಾಡಿ ತುಂಬ ಕೋಳಿ ಅಂದ್ರ ನನಗ ತಡಕೊಳ್ಳಾಕ ಆಗಂಗಿಲ್ಲ. ನಿಮ್ಮನ್ಯಾಗ ಇಡ್ರಿ. ನೋಡಬೇಕನಿಸಿದಾಗ ಬರ್ತೀನಿ."

ಅಲ್ಲಿಯವರೆಗೆ ಅವಳು ಇಂದೂಳ ಮನೆಯ ಹೊಸ್ತಿಲು ದಾಟಿದವಳಲ್ಲ. ಆ ವಾರವೇ ಬಂದಳು. ಪ್ರಲ್ಹಾದ ಎದ್ದು, ಚಿತ್ರದ ಎದುರಿನ ತನ್ನ ಖುರ್ಚಿ ಬಿಟ್ಟುಕೊಟ್ಟು, ಚಹಾ ಇಡಲು ಒಳಗೆ ಹೋದ.